ವಾಲ್ರಸ್‌ಗಳು ಮಲಗಿದ್ದಾಗ

ತಪ್ಕಾನ್
ಅಕ್ಟೋಬರ್ 3, 2018

ತೆಗ್ರಿನನ ಅಪ್ಪನಿಗೆ, ತೆಗ್ರಿನನ ಅಮ್ಮ ಬರೆಯುವ ಕಾಗದ.

ಓಮ್ರಿನ್, ವಾಲ್ರಸ್‌ಗಳು ಬಂದಿವೆ. ಇದನ್ನು ಮೊದಲೇ ಬರೆಯದಿದ್ದರೆ ಮಿಕ್ಕದ್ದನ್ನು ನೀನು ಓದುವುದಿಲ್ಲವೆಂದು ನನಗೆ ಗೊತ್ತು. ಐದು ವರ್ಷದ ಮೇಲೆ ನಮ್ಮದೇ ದಡಕ್ಕೆ, ನೀನು ಕಾವಲು ಕೂರುತ್ತಿದ್ದ ಬಂಡೆಯ ಕೆಳಗೇ ಬಂದು ಮಲಗಿವೆ. ನಿನ್ನೆ ಎಣಿಸಿದವರು ಆರು ಸಾವಿರ ಎಂದರು. ಇನ್ನೂ ಬರುತ್ತಿವೆ.

ಅವು ಬಂದ ಬೆಳಿಗ್ಗೆ ನಾನು ಬೇಕರಿಯಲ್ಲಿ ಬ್ರೆಡ್ಡಿನ ಅಚ್ಚುಗಳನ್ನು ಒಲೆಗೆ ತಳ್ಳುತ್ತಿದ್ದೆ. ಕೆವೆವ್ ಅಜ್ಜ ಬಂದು ಬಾಗಿಲಲ್ಲೇ ನಿಂತ. ಎಂಬತ್ತೊಂದು ವರ್ಷದ ಮುದುಕ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. "ರಗ್ತಿನಾ, ಒಲೆ ಬಾಗ್ಲು ಮೆಲ್ಲಗೆ ಹಾಕವ್ವಾ. ಬಂದವ್ರೆ" ಎಂದ. ಅಷ್ಟೇ. ವಾಲ್ರಸ್ ಎಂಬ ಮಾತನ್ನೂ ಆಡಲಿಲ್ಲ. ನಾನು ಹೊರಗೆ ಬಂದು ನಿಂತೆ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ಮೊದಲು ವಾಸನೆ ಬಂತು, ಆಮೇಲೆ ಗೊರಗೊರ ಎನ್ನುವ ಆ ಸದ್ದು, ದೂರದಲ್ಲಿ ನೂರು ಜನ ಮುದುಕರು ಒಟ್ಟಿಗೆ ಗಂಟಲು ಸರಿಮಾಡಿಕೊಂಡ ಹಾಗೆ. ನನ್ನ ಕೈಯಲ್ಲಿ ಹಿಟ್ಟು ಒಣಗುವವರೆಗೂ ಅಲ್ಲೇ ನಿಂತಿದ್ದೆ.

ಅವು ಬೆದರಬಾರದೆಂದು ಈಗ ಇಡೀ ಊರು ಪಿಸುಗುಟ್ಟುತ್ತಿದೆ. ಶಾಲೆಯ ಗಂಟೆ ನಿಲ್ಲಿಸಿದ್ದಾರೆ. ಗಾಡಿಗಳಿಗೆಲ್ಲ ಬೀಗ. ನಾಯಿಗಳನ್ನು ಸರೋವರದ ಆಚೆಯ ಬೇಟೆಮನೆಗೆ ಸಾಗಿಸಿದ್ದಾರೆ. ಹೆಲಿಕಾಪ್ಟರ್ ಕೂಡ ಊರ ಮೇಲೆ ಹಾರುವ ಹಾಗಿಲ್ಲ, ಹಿನ್ನೀರಿನ ಆಚೆ ದಡದಲ್ಲಿ ಇಳಿಯುತ್ತದೆ. ಈ ಕಾಗದವೂ ಅಲ್ಲಿಯವರೆಗೆ ದೋಣಿಯಲ್ಲಿ ಹೋಗಬೇಕು. ಪಂಚಾಯಿತಿಯ ಝೀನಾಳ ಗಂಟಲು ನಿನಗೆ ಗೊತ್ತಲ್ಲ, ಅವಳು ಕೆಮ್ಮಿದರೆ ಪಕ್ಕದ ಊರಿನವರು ಬಾಗಿಲು ತೆಗೆಯುತ್ತಾರೆ ಎಂದು ನೀನೇ ನಗುತ್ತಿದ್ದೆ. ಅವಳೂ ಪಿಸುಗುಟ್ಟುತ್ತಿದ್ದಾಳೆ. ಎರಡೇ ದಿನಕ್ಕೆ ಅವಳಿಗೆ ಗಂಟಲು ನೋವು ಬಂದಿದೆ.

ಕಾವಲಿಗೆ ಯಾರನ್ನು ಹಾಕುವುದು ಎಂದು ನಿರ್ಧರಿಸಲು ಮೊನ್ನೆ ಕ್ಲಬ್ಬಿನಲ್ಲಿ ಸಭೆ ಸೇರಿತು. ಹೆಸರುಗಳು ಬಂದವು, ಹೋದವು. ಆಗ ದೋಣಿಯ ಯೆಗೋರ್, "ಯಾರಾದ್ರೂ ಇರ್ಲಿ, ಓಮ್ರಿನ್ ಥರ ಗಾಡಿ ಗುರ್ ಅನ್ಸೋನು ಮಾತ್ರ ಬೇಡಪ್ಪ" ಎಂದ. ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ಎದ್ದು ನಿಂತೆ.

ಏನು ಹೇಳಿದೆ ಎಂದು ಬರೆಯುವ ಮೊದಲು ಹಿಂದಿನದನ್ನು ಬರೆಯಬೇಕು. ನಿನಗೆ ಗೊತ್ತಿಲ್ಲದ್ದು ಅದರಲ್ಲಿ ಹೆಚ್ಚೇನೂ ಇರಲಿಕ್ಕಿಲ್ಲ. ಆದರೂ ನಾನು ನನ್ನ ಬಾಯಿಂದ ಒಂದು ದಿನವೂ ಹೇಳಿಲ್ಲ, ನೀನು ಕೇಳಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತಿ "ಹ್ಞೂಂ, ಚೆನ್ನಾಗಿದೀನಿ" ಎಂದು ಇಟ್ಟುಬಿಡುತ್ತೀಯ.

ತೆಗ್ರಿನ್ ನಮ್ಮನ್ನು ಬಿಟ್ಟುಹೋದ ಜೂನ್ ತಿಂಗಳು ನೆನಪಿದೆಯಾ ಎಂದು ನಿನ್ನನ್ನು ಕೇಳುವುದು ಹುಚ್ಚುತನ. ಮಂಜುಗಡ್ಡೆ ಒಡೆದು ದಾರಿ ಬಿಟ್ಟಿತ್ತು. ನೀವಿಬ್ಬರೂ ಒಂದು ದೋಣಿಯಲ್ಲಿ, ಕೆವೆವ್ ಅಜ್ಜ ಮತ್ತು ಅವನ ಅಳಿಯಂದಿರು ಇನ್ನೊಂದರಲ್ಲಿ ಬೇಟೆಗೆ ಹೊರಟಿರಿ. ತೆಗ್ರಿನ್ ಹೊರಡುವಾಗ ಚಹಾ ಲೋಟವನ್ನು ತೊಳೆಯದೆ ಕಿಟಕಿಯಲ್ಲಿಟ್ಟು ಹೋದ. ಇಪ್ಪತ್ತೆರಡು ವರ್ಷವಾದರೂ ಲೋಟ ತೊಳೆಯುವುದಿಲ್ಲ ಎಂದು ಬೈದಿದ್ದೆ. ಗಾಯಗೊಂಡ ಗಂಡು ವಾಲ್ರಸ್ ದೋಣಿಯ ಅಂಚಿಗೆ ದಂತ ಹಾಕಿ ಎಳೆಯಿತು, ದೋಣಿ ಮಗುಚಿತು ಎಂದು ಅಜ್ಜ ಆಮೇಲೆ ಹೇಳಿದ. ನಿನ್ನನ್ನು ಕೂದಲು ಹಿಡಿದು ಮೇಲೆತ್ತಿದರಂತೆ. ಅವನು ಸಿಗಲಿಲ್ಲ. ಮೂರು ದಿನ ಹುಡುಕಿದಿರಿ.

ನಾಲ್ಕನೆಯ ದಿನ ನೀನು ಮನೆಗೆ ಬಂದು ಬೂಟು ಬಿಚ್ಚುತ್ತಾ ಕೂತಿದ್ದಾಗ ನಾನೊಂದು ಮಾತು ಕೇಳಿದೆ. "ನೀನು ಹೇಗೆ ಬಂದೆ?" ಎಂದೆ. ನೀನು ಒಂದು ಬೂಟು ಬಿಚ್ಚಿದ್ದೆ, ಇನ್ನೊಂದನ್ನು ಬಿಚ್ಚದೆ ತುಂಬ ಹೊತ್ತು ಹಾಗೇ ಕೂತೆ. ಆ ಮಾತನ್ನು ನಾನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಅದಾದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಉಪ್ಪು ಕೊಡು, ಕಲ್ಲಿದ್ದಲು ಹಾಕು, ಗಾಳಿ ತಿರುಗಿದೆ ಎನ್ನುವಷ್ಟು ಮಾತು.

ಆಮೇಲೆ ಪುರ್ಗಾ. ಮಗನ ಹಿಂದೆ ಸುತ್ತುತ್ತಿದ್ದ ನಾಯಿ ಮಗ ಹೋದ ಮೇಲೆ ನನ್ನ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ. ಎರಡು ವರ್ಷ ಕಳೆದು ಆ ಶರತ್ಕಾಲ ವಾಲ್ರಸ್‌ಗಳು ಬಂದಾಗ ಊರಿನ ನಾಯಿಗಳನ್ನೆಲ್ಲ ಸರೋವರಕ್ಕೆ ಒಯ್ದರು. ನಾನು ಬಿಡುವುದಿಲ್ಲವೆಂದೆ. ಅಲ್ಲಿ ಉಪವಾಸ ಸಾಯುತ್ತದೆ ಎಂದೆ. ನೀನು ಕಾವಲಿನ ಮುಖ್ಯಸ್ಥ, ಆದರೂ ನಮ್ಮ ಮನೆಯಲ್ಲೇ ನಿಯಮ ಮುರಿದರೆ ಹೇಗೆ ಎಂದು ಒಂದು ಸಲವೂ ಅನ್ನಲಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಹೊಸ ಚಿಲಕ ಹಾಕಿ, ಹಗ್ಗವನ್ನು ಎರಡು ಸಲ ಎಳೆದು ನೋಡಿ, "ಬೊಗಳದ ಹಾಗೆ ನೋಡ್ಕೋ" ಎಂದು ಹೇಳಿ ಹೋದೆ. ನನ್ನ ಮೇಲೆ ನಿನಗಿದ್ದ ನಂಬಿಕೆ ಅದು.

ಪುರ್ಗಾ ಬೊಗಳಲಿಲ್ಲ. ಆದರೆ ಆ ವಾಸನೆ ಬಂದಾಗಿನಿಂದ ಅಳುತ್ತಿತ್ತು. ಸಣ್ಣ ದನಿಯಲ್ಲಿ, ಉಸಿರು ಬಿಡದೆ. ದಡಕ್ಕೆ ಹೋದರೆ ದೋಣಿ ಬರುತ್ತದೆ, ದೋಣಿಯಲ್ಲಿ ಅವನು ಬರುತ್ತಾನೆ ಎಂದುಕೊಂಡಿತ್ತೋ ಏನೋ. ಒಂಬತ್ತನೆಯ ದಿನ ದಟ್ಟ ಮಂಜು ಕವಿದಿತ್ತು. ಮಧ್ಯಾಹ್ನ ನಾನು ಬೇಕರಿಯಿಂದ ಬಂದೆ. ಆ ಅಳು ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚಿದೆ.

ಸದ್ದು ಊರಿಗೂ ಕೇಳಿಸಿತು. ಗುಡ್ಡ ಜರುಗಿತೆಂದು ಜನ ಮನೆಯಿಂದ ಹೊರಗೆ ಬಂದರು. ಸಾವಿರಾರು ಮೈಗಳು ಒಂದರ ಮೇಲೊಂದು ಬಿದ್ದು ನೀರಿಗೆ ನುಗ್ಗಿದ ಸದ್ದು. ಮಂಜು ಸರಿದು ನಾವೆಲ್ಲ ಹೋಗಿ ನೋಡುವಷ್ಟರಲ್ಲಿ ದಡ ಖಾಲಿಯಾಗಿತ್ತು. ಖಾಲಿ ಎಂದರೆ, ಬದುಕಿರುವುದು ಯಾವುದೂ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಸತ್ತು ಬಿದ್ದಿದ್ದವು. ಮುಕ್ಕಾಲು ಪಾಲು ಆ ವರ್ಷ ಹುಟ್ಟಿದ ಮರಿಗಳು, ದಂತವೂ ಮೂಡದವು, ದೊಡ್ಡವುಗಳ ಅಡಿಗೆ ಸಿಕ್ಕಿದವು. ನಾವು ಬೇಟೆಯಾಡುವ ಜನ, ಸತ್ತ ಪ್ರಾಣಿ ನಮಗೆ ಹೊಸದಲ್ಲ. ಬೇಟೆಯಾಡಿದ ಪ್ರಾಣಿಯ ಬಾಯಿಗೆ ಸಿಹಿನೀರು ಬಿಟ್ಟು, ಹೋಗಿ ಬಾ ಎಂದು ಕಳಿಸುತ್ತೇವೆ. ಅವತ್ತು ಹೆಂಗಸರು ಬಕೆಟ್ಟಿನಲ್ಲಿ ನೀರು ತಂದು ಒಂದೊಂದರ ಬಾಯಿಗೂ ಬಿಡುತ್ತಾ ಹೋದರು. ಕತ್ತಲಾದರೂ ಮುಗಿಯಲಿಲ್ಲ. ನಾನೂ ಬಿಟ್ಟೆ. ಅವರ ಜೊತೆ ಸಾಲಿನಲ್ಲಿ ನಿಂತು ನಾನೂ ಬಿಟ್ಟೆ.

ನೀನು ಅವತ್ತು ಮನೆಗೆ ಬಂದು ಕೈಗೆ ಮೆತ್ತಿದ ಮರಳು ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದೆ: "ಪುರ್ಗಾನ ಕರಡಿ ಹೊತ್ಕೊಂಡು ಹೋಯ್ತು ಕಣೇ." ಆ ವಾರ ಒಂದೇ ಒಂದು ಹಿಮಕರಡಿ ಬಂದಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಯಿ ಎಲ್ಲಿ ಸಿಕ್ಕಿತು, ಬದುಕಿತ್ತೋ ಇಲ್ಲವೋ, ಅದನ್ನು ಎಲ್ಲಿ ಹುಗಿದೆ ಎಂದು ನಾನು ಕೇಳಲಿಲ್ಲ. "ಹೌದಾ, ಪಾಪ" ಎಂದೆ. ನಾವಿಬ್ಬರೂ ಕೂತು ಮೀನಿನ ಸಾರು ಉಂಡೆವು.

ಮರುದಿನದ ಸಭೆಯಲ್ಲಿ ನೀನು ಎದ್ದು, "ಗಾಡಿ ಎಂಜಿನ್ ಹಾಕಿದ್ದು ನಾನೇ. ಮಂಜಲ್ಲಿ ಏನೋ ಕಂಡ್ತು, ಕರಡಿ ಅಂದ್ಕೊಂಡೆ" ಎಂದೆ. ನಾನು ನಿನ್ನಿಂದ ಎರಡು ಕುರ್ಚಿ ಆಚೆ ಕೂತಿದ್ದೆ. ಎದ್ದು ನಿಲ್ಲಲು ನನಗೆ ಒಂದು ಕ್ಷಣ ಸಾಕಿತ್ತು. ಕೆವೆವ್ ಅಜ್ಜ ನಿನಗೆ, "ಮೂವತ್ತು ವರ್ಷ ನನ್ ದೋಣೀಲಿ ಕೂತೋನು ನೀನು. ಇನ್ಮೇಲೆ ನನ್ ಮುಖ ನೋಡ್ಬೇಡ" ಎಂದ. ಆಗಲೂ ನಾನು ಏಳಲಿಲ್ಲ. ಆ ವರ್ಷದ ಕೊನೆಯ ಹಡಗಿನಲ್ಲಿ ನೀನು ಅನಾದಿರ್ ಪಟ್ಟಣಕ್ಕೆ ಹೋದೆ. ಸಮುದ್ರವನ್ನು ಓದಲು ಬಲ್ಲವನು ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಎತ್ತುತ್ತಿದ್ದಾನೆ ಎಂದು ಹಡಗಿನವರು ಬಂದು ಹೇಳುತ್ತಾರೆ. ಕೆಮ್ಮು ಬಿಟ್ಟಿಲ್ಲ ಎಂದೂ ಹೇಳುತ್ತಾರೆ.

ಮರುವರ್ಷ ವಾಲ್ರಸ್‌ಗಳು ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ಗಂಡಸರು ಅವುಗಳನ್ನು ಹುಡುಕಿಕೊಂಡು ಎರಡು ದಿನದ ದಾರಿ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಮಾಂಸ ಹುಗಿದಿಡುವ ಗುಂಡಿಗಳು ಬರಿದಾದವು. ಅವು ಬೇರೆ ದಡ ನೋಡಿಕೊಂಡವು, ಇಲ್ಲಿ ಆದದ್ದನ್ನು ಮರೆಯುವುದಿಲ್ಲ ಎಂದು ಮುದುಕರು ಹೇಳಿದಾಗೆಲ್ಲ ನಾನು ಅವರಿಗೆ ಬ್ರೆಡ್ಡು ಕಟ್ಟಿಕೊಡುತ್ತಾ ತಲೆಯಾಡಿಸುತ್ತಿದ್ದೆ.

ಈಗ ಮೊನ್ನೆಯ ಸಭೆಗೆ ಬರುತ್ತೇನೆ. ನಾನು ಎದ್ದು ನಿಂತು, "ಗಾಡಿ ಅಲ್ಲ, ನಾಯಿ. ನಮ್ಮ ಪುರ್ಗಾ. ಅದರ ಅಳು ತಡೀಲಾರ್ದೆ ಬಿಟ್ಟಿದ್ದು ನಾನು. ಓಮ್ರಿನ್ ಗಾಡಿ ಮುಟ್ಟೇ ಇರ್ಲಿಲ್ಲ" ಎಂದೆ. ಜನಕ್ಕೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎಲ್ಲರೂ ಒಮ್ಮೆಗೇ ಎದ್ದರು. ಆದರೆ ಯಾರೂ ಕೂಗುವ ಹಾಗಿರಲಿಲ್ಲ. ದಡದಲ್ಲಿ ಅವು ಮಲಗಿದ್ದವಲ್ಲ. ಇಡೀ ಊರು ನನ್ನನ್ನು ಪಿಸುಮಾತಿನಲ್ಲಿ ಬೈಯಿತು, ಓಮ್ರಿನ್. ಕೂಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಯೆಗೋರನ ಹೆಂಡತಿ ನನ್ನ ಮುಖದ ಹತ್ತಿರಕ್ಕೇ ಬಂದು, "ನಾಲ್ಕು ಚಳಿಗಾಲ ನನ್ ಮಕ್ಕಳು ಡಬ್ಬಿ ಮಾಂಸ ತಿಂದ್ವು. ದಿನಾ ಬೆಳಿಗ್ಗೆ ನಮ್ಗೆ ಬ್ರೆಡ್ ಕೊಡ್ತಾ, ಮಕ್ಕಳು ಚೆನ್ನಾಗಿದಾವಾ ಅಂತ ಕೇಳ್ತಿದ್ಯಲ್ಲೇ ನೀನು" ಎಂದಳು. ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಯೆಗೋರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೊರಗೆ ಹೋದ.

ಎಲ್ಲರೂ ಹೋದ ಮೇಲೆ ಕೆವೆವ್ ಅಜ್ಜ ಒಬ್ಬನೇ ಬೆಂಚಿನ ಮೇಲೆ ಉಳಿದಿದ್ದ. "ಹಡಗು ಹತ್ತೋವಾಗ ಅವ್ನು ಕೈ ಚಾಚ್ದ. ನಾನು ಜೇಬಿಂದ ಕೈ ತೆಗೀಲಿಲ್ಲ" ಎಂದ. ಅದನ್ನೇ ಮೂರು ನಾಲ್ಕು ಸಲ ಹೇಳಿದ. ಅವನು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಈಗ ಜನ ಬೇಕರಿಗೆ ಬರುತ್ತಾರೆ. ಬ್ರೆಡ್ಡು ಬೇಕಲ್ಲ, ಬರಲೇಬೇಕು. ಹಲಗೆಯಿಂದ ತಾವೇ ಎತ್ತಿಕೊಂಡು ಹೋಗುತ್ತಾರೆ, ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಅದು ಸರಿಯಾಗಿಯೇ ಇದೆ. ನಿನ್ನೆ ಝೀನಾ ಬಂದು, ಕಾವಲಿನ ಮುಖ್ಯಸ್ಥನ ಜಾಗ ಖಾಲಿ ಇಟ್ಟಿದ್ದೇವೆ, ಓಮ್ರಿನ್‌ಗೆ ಬರೆ ಎಂದಳು. ಮುಂದಿನ ವಾರ ಗುರುವಾರದ ಹೆಲಿಕಾಪ್ಟರಿನಲ್ಲಿ ನಿನಗೊಂದು ಸೀಟು ಹೇಳಿದ್ದಾರೆ. ಕಾವಲು ಗುಡಿಸಲಿಗೆ ಹೊಸ ಒಲೆ ಹಾಕಿದ್ದಾರೆ, ದುರ್ಬೀನೂ ಹೊಸದು.

ನೀನು ಬಾ. ನನ್ನ ಮನೆಗೆ ಬರಬೇಕೆಂದಿಲ್ಲ. ಅಜ್ಜನ ಮನೆಯಲ್ಲಿ ನಿನಗೆ ಹಾಸಿಗೆ ಹಾಕಿಸಿದ್ದೇನೆ. ನಿನ್ನ ಉಣ್ಣೆ ಅಂಗಿಗಳನ್ನು ಒಗೆದು ಅಲ್ಲಿ ಕೊಟ್ಟು ಬಂದಿದ್ದೇನೆ. ಕೆಮ್ಮಿಗೆ ಅಲ್ಲಿಯ ಹೊಗೆಗಿಂತ ಇಲ್ಲಿಯ ಗಾಳಿ ಒಳ್ಳೆಯದು.

ಆ ದಿನ ನಾನು ಕೇಳಬೇಕಾಗಿದ್ದದ್ದು "ನೀನು ಹೇಗೆ ಬಂದೆ" ಎಂದಲ್ಲ. ನೀನಾದರೂ ಬಂದೆಯಲ್ಲ ಎನ್ನಬೇಕಿತ್ತು. ಏಳು ವರ್ಷ ತಡವಾಗಿ ಬರೆಯುತ್ತಿದ್ದೇನೆ.

ನಿನ್ನ ಹೆಸರನ್ನು ಊರಿನಲ್ಲಿ ಹಾಳುಮಾಡಿದ,
ರಗ್ತಿನಾ

ಮರೆತಿಲ್ಲ, ಆದರೂ ಕೊನೆಗೆ ಉಳಿಸಿಕೊಂಡದ್ದು:

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲಿನದರಲ್ಲಿ ಒಂದು ಸುಳ್ಳಿದೆ. ಊರಿಗೂ ಅದೇ ಸುಳ್ಳನ್ನು ಹೇಳಿದ್ದೇನೆ. ನಾನು ಹಗ್ಗ ಬಿಚ್ಚಿದ್ದು ನಾಯಿಯ ಅಳು ತಡೆಯಲಾರದೆ ಅಲ್ಲ. ಬಿಚ್ಚಿ, ಕೊರಳಪಟ್ಟಿ ಹಿಡಿದುಕೊಂಡು, ದಡದ ಮೇಲಿನ ಮರಳು ದಿಣ್ಣೆಯವರೆಗೆ ನಾನೇ ನಡೆಸಿಕೊಂಡು ಹೋದೆ. ಮಂಜಿನ ನಡುವೆ ಹತ್ತಿರದವು ಕಂಡವು. ತಾಯಂದಿರು ಮಲಗಿದ್ದರು, ಮರಿಗಳು ಅವರ ಬೆನ್ನ ಮೇಲೆ ಮಲಗಿದ್ದವು. ಇವುಗಳಿಗೆಲ್ಲ ಮಕ್ಕಳಿದ್ದಾರೆ ಎನಿಸಿತು. ಪಟ್ಟಿಯಿಂದ ಕೈ ತೆಗೆದು, "ಹೋಗು" ಎಂದೆ.

ಆಮೇಲೆ ಮೂರು ದಿನ ಒಬ್ಬ ತಾಯಿ ದಡದ ಹತ್ತಿರದ ನೀರಿನಲ್ಲೇ ಇದ್ದಳು. ಸತ್ತ ಮರಿಯನ್ನು ಈಜುಗಾಲುಗಳಲ್ಲಿ ತಬ್ಬಿ ಹಿಡಿದು, ಅದಕ್ಕೆ ಉಸಿರು ಸಿಗಲೆಂದು ಮತ್ತೆ ಮತ್ತೆ ನೀರಿನ ಮೇಲಕ್ಕೆ ಎತ್ತುತ್ತಿದ್ದಳು. ಮೂರು ದಿನವೂ ನಾನು ಹೋಗಿ ನೋಡಿದೆ.

ಮೊದಲ ದಿನ ಹೋದಾಗಲೇ ದಿಣ್ಣೆಯನ್ನೂ ನೋಡಿದೆ. ಅಲ್ಲಿ ನಾಯಿಯ ಹೆಜ್ಜೆಗಳ ಪಕ್ಕದಲ್ಲಿ ನನ್ನ ಹೆಜ್ಜೆಗಳೂ ಇರಬೇಕಿತ್ತು. ಮಳೆ ಬಂದಿರಲಿಲ್ಲ, ಹಿಮ ಬಿದ್ದಿರಲಿಲ್ಲ, ಅಲೆ ಅಷ್ಟು ಮೇಲಕ್ಕೆ ಬರುವುದಿಲ್ಲ. ನಮ್ಮ ಕೊಟ್ಟಿಗೆಯ ದಾರಿಯಿಂದ ದಿಣ್ಣೆಯ ತುದಿಯವರೆಗೂ ಯಾರೋ ಕೈಯಲ್ಲೇ ಮರಳು ಸವರಿ ಸಮ ಮಾಡಿದ್ದರು. ಬೆರಳಿನ ಗೆರೆಗಳು ಹಾಗೇ ಇದ್ದವು.