ಎರಡನೇ ಚರಣದ ಪಿಟೀಲು

ಅಪ್ಪ,

ನೀವು ಹೋಗಿ ಮೂರು ವರ್ಷವಾಯಿತು. ನನ್ನ ಹೊಲಿಗೆ ಅಂಗಡಿಯಲ್ಲಿ ಈಗ ದಿನವಿಡೀ ಸಿನಿಮಾ ಹಾಡು. ಊರೆಲ್ಲ ಗುನುಗುವ ಹಾಡು ನನಗೂ ಇಷ್ಟ. ಏನೀಗ?

ಇವತ್ತು ನಿಮ್ಮ ಅಚ್ಚುಮೆಚ್ಚಿನ ಶಿಷ್ಯ ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದ. ಆಗ ರೇಡಿಯೋದಲ್ಲಿ, ಪಲ್ಲವಿ ಮುಗಿಯುವ ಮೊದಲೇ ನೀವು ಎದ್ದು ಬಂದು ಆರಿಸುತ್ತಿದ್ದಿರಲ್ಲ, ಅದೇ ಹಾಡು. ಅವನು ಮೂಗು ಮುರಿದ.

"ಪಿಟೀಲು ಮೇಷ್ಟ್ರ ಮಗಳಾಗಿ ಇಂಥದ್ದೆಲ್ಲ ಕೇಳ್ತೀಯಲ್ಲ! ಆಫ್ ಮಾಡು ಮೊದ್ಲು."

ನಾನು ಇನ್ನಷ್ಟು ಜೋರು ಮಾಡಿದೆ. ಹಾಡು ಮುಗಿದ ಮೇಲೆ ಕೇಳಿದೆ: "ಎರಡನೇ ಚರಣದಲ್ಲಿ ಪಿಟೀಲು ಶ್ರುತಿ ತಪ್ತಲ್ಲ, ಎಲ್ಲಿ ಅಂತ ಹೇಳು ನೋಡೋಣ?"

ಅವನು ಪಿಳಿಪಿಳಿ ಕಣ್ಣು ಬಿಟ್ಟ. "ಇದ್ರಲ್ಲಿ ಪಿಟೀಲು ಬೇರೆ ಇದ್ಯಾ?"

ಇದೆ ಅಪ್ಪ. ಒಂದು ಕಡೆ ಕೂದಲೆಳೆಯಷ್ಟು ಇಳಿಯುತ್ತದೆ. ಆ ಜಾಗ ಬಂದಾಗಲೆಲ್ಲ ಮೆಷಿನ್ ತುಳಿಯುವ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ನನ್ನ ಜೊತೆ ಹೊಲಿಯುವ ನಾಲ್ವರಿಗೂ ಅದು ಯಾಕೆಂದು ಗೊತ್ತಿಲ್ಲ. ಇಂಥ ಹಾಡು ಕೇಳಿದರೆ ಕಿವಿ ಕೆಡುತ್ತದೆ ಅನ್ನುತ್ತಿದ್ದಿರಿ. ಕೆಟ್ಟಿಲ್ಲ.

ಒಂದೇ ಒಂದು ಸಲ ಎರಡನೇ ಚರಣದವರೆಗೆ ಬಿಟ್ಟಿದ್ದರೆ, ನಾವಿಬ್ಬರೂ ಕೂತು ಆ ಪಿಟೀಲಿನವನನ್ನು ಮನಸಾರೆ ಬಯ್ಯಬಹುದಿತ್ತು.