ಉಪ್ಪು ಸಾಕೇನ್ರಿ?

೨೨ ಸೆಪ್ಟೆಂಬರ್ ೧೯೫೮

ಬೆಳಗಿನ ಪಾಳಿ. ನೂಲಿನ ಖಾತೆಯಲ್ಲಿ ಇಬ್ಬರು ತಡ. ಗೇಟಿನಿಂದಲೇ ವಾಪಸ್ ಅಟ್ಟಿದೆ. ಒಬ್ಬ ಅತ್ತ. ಅಳಲಿ. ಆಳುಗಳ ಉಸ್ತುವಾರಿ ನೋಡುವ ಜಾಬರ್ ನಾನು, ನನ್ನ ಅಂಜಿಕೆ ಇರಬೇಕು.

ಮಧ್ಯಾಹ್ನ ತಲೆ ಸುತ್ತಿ ಮಷೀನಿನ ಮೇಲೆಯೇ ಬೀಳುತ್ತಿದ್ದೆ. ಯಾರೋ ಹಿಡಿದರು. ಗಿರಣಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಅವರ ಮುಖ ಸಣ್ಣದಾಯಿತು. "ಬಿ.ಪಿ. ಇನ್ನೂರಿಪ್ಪತ್ತು ಐತಲ್ರೀ ಬೋರಣ್ಣ! ನಾಳೆ ಮನೆಯವ್ರನ್ನ ಕರ್ಕೊಂಡು ಬರ್ರಿ."

ಇನ್ನೂರಿಪ್ಪತ್ತು. ಮ್ಯಾನೇಜರಿಗೇ ನೂರೈವತ್ತಂತೆ.

೨೩ ಸೆಪ್ಟೆಂಬರ್

ಹೆಂಡತಿ ಹೊನ್ನಕ್ಕನನ್ನು ಕರೆದೊಯ್ದೆ. ನಾನು ಎದುರಿಗೇ ಕೂತಿದ್ದರೂ ಡಾಕ್ಟರು ಹೇಳಿದ್ದೆಲ್ಲ ಅವಳಿಗೆ. ಹೆಂಗಸಿಗೆ ಏನು ತಿಳಿಯುತ್ತದೋ!

"ನೋಡಮ್ಮಾ, ಹಾರ್ಟ್ ಅಂದ್ರೆ ಒಂದು ಪಂಪು. ಇವರ ನಾಳ ಬಿಗಿದಾವೆ, ಪಂಪು ಮೈಮುರ್ದು ತಳ್ಳಬೇಕು. ಉಪ್ಪು ತಿಂದ್ರೆ ಮೈಯಾಗ ನೀರು ನಿಲ್ತೈತೆ, ಪಂಪು ಸೋಲ್ತೈತೆ. ಇವ್ರಿಗೆ ಉಪ್ಪು ಅಂದ್ರೆ ವಿಷ. ತಿಳೀತಾ? ವಿಷ. ಎದುರು ಮಾತಾಡಿ ಸಿಟ್ಟು ಬರಿಸಬ್ಯಾಡ್ರಿ."

ಕೊನೆಯದು ಮಾತ್ರ ಒಳ್ಳೆಯ ಮಾತು.

೩ ಅಕ್ಟೋಬರ್

ಸಪ್ಪೆ ಸಾರು. ಸಪ್ಪೆ ಪಲ್ಯ. ಥೂ!

ಮದುವೆಯಾದಾಗಿನಿಂದ ಬಡಿಸಿದ ಮೇಲೆ ಇವಳದು ಒಂದೇ ಪ್ರಶ್ನೆ — "ಉಪ್ಪು ಸಾಕೇನ್ರಿ?" ಸಾಲದಿದ್ದ ದಿನ ತಾಟು ಅಂಗಳಕ್ಕೆ ಹಾರುತ್ತಿತ್ತು. ಅವಳ ಹುಬ್ಬಿನ ಮೇಲಿನ ಕಲೆ ಮೊದಲ ವರ್ಷದ್ದು, ಕಂಚಿನ ತಾಟಿನ ಅಂಚು ತಗುಲಿದ್ದು. ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ಇವತ್ತೂ ತಾಟು ಎಸೆದೆ. ಬೀದಿ ನಾಯಿ ಮೂಸಿ ನೋಡಿ ಹೋಯಿತು.

೧೨ ಅಕ್ಟೋಬರ್, ಮಹಾಲಯ ಅಮಾವಾಸ್ಯೆ

ಅಪ್ಪನಿಗೆ ಎಡೆ ಇಟ್ಟೆವು. ನಮ್ಮ ಮನೆತನದಲ್ಲಿ ಹಿರಿಯರ ಎಡೆಗೆ ಉಪ್ಪು ಹಾಕುವುದಿಲ್ಲ. ಸತ್ತವರಿಗೆ ಉಪ್ಪಿನ ಋಣ ತೀರಿತು ಅಂತ. ಗೋಡೆಗೆ ಎಡೆ, ಪಕ್ಕದಲ್ಲಿ ನನ್ನ ತಾಟು. ಎರಡರಲ್ಲೂ ಒಂದೇ ಅಡುಗೆ!

"ನಾನೇನು ಸತ್ತೀನೇನೆ? ನನಗೂ ಎಡಿ ಇಡ್ತೀಯಾ?"

"ಡಾಕ್ಟ್ರು ಹೇಳ್ಯಾರಲ್ರೀ... ನೀವು ಉಳೀಬೇಕಲ್ರೀ."

ಕಪಾಳಕ್ಕೆ ಒಂದು ಬಿಟ್ಟೆ. ಆದರೂ ಉಪ್ಪಿನ ಮರಿಗೆ ಮುಟ್ಟಲಿಲ್ಲ. ಮೊಂಡಿ.

೨೬ ಅಕ್ಟೋಬರ್

ರೈಲಿನಲ್ಲಿ ಹರಿಹರಕ್ಕೆ ಹೋಗಿಬಂದೆ. ಅಕ್ಕಿ ಗಿರಣಿ ಉಜ್ಜನಪ್ಪನಿಗೆ ಮಾತು ಕೊಟ್ಟೆ, ಮಗಳು ನೀಲಳನ್ನು ಕೊಡುತ್ತೇನೆಂದು. ಅವನಿಗೆ ನಲವತ್ತೈದಿರಬಹುದು. ಗಂಡಸಿಗೆ ವಯಸ್ಸು ಯಾರು ಕೇಳುತ್ತಾರೆ? ಇಲ್ಲಿ ಕೆಲಸ ಬಿಟ್ಟ ಮೇಲೆ ಅಲ್ಲಿ ನಾನೇ ಮೇಸ್ತ್ರಿ. ಡಿಸೆಂಬರ್ ಏಳಕ್ಕೆ ಲಗ್ನ. ಅವನಿಗೇ ಅವಸರ. "ನಮ್ಮವ್ವ ಹಾಸಿಗಿ ಹಿಡಿದಾಳೆ ಬೋರಣ್ಣ. ಯಾರ ಮನ್ಯಾಗಾದ್ರೂ ಹಿರೇತಲಿ ಬಿದ್ರೆ ವರ್ಷಗಟ್ಲೆ ಮದ್ವಿ ಇಲ್ಲ. ಬೇಗ ಮುಗಿಸಿಬಿಡೋಣ." ಸರಿಯಾದ ಮಾತು. ಹೊನ್ನಕ್ಕನಿಗೂ ಹಾಗೆಯೇ ಹೇಳಿದೆ.

ಹೇಳಿದ್ದೇ ತಡ, ಕಾಲಿಗೆ ಬಿದ್ದಳು. "ಅವನ ಮೊದಲ್ನೇ ಹೆಂಡ್ತಿ ಹೊಳಿಗೆ ಹಾರಿದ್ಲು. ಎರಡ್ನೇಕಿ ಕೈ ಮುರಿಸ್ಕೊಂಡು ತವರಿಗೆ ಹೋದ್ಲು. ನೀಲಗ ಇನ್ನೂ ಹದಿನಾರು. ಬ್ಯಾಡ್ರಿ..."

ಎದೆ ಹಿಡಿದುಕೊಂಡೆ. ನೋವೇನೂ ಇರಲಿಲ್ಲ. "ಎದುರು ಮಾತಾಡಿ ಕೊಲ್ತೀಯೇನೆ ನನ್ನ?" ಗಪ್ಪಾದಳು. ಒಳ್ಳೆಯ ಕಾಯಿಲೆ ಇದು, ಮೊದಲೇ ಬರಬೇಕಿತ್ತು.

ನೀಲ ಒಲೆ ಮುಂದೆ ನಿಂತು "ನಾ ಒಲ್ಲೆ" ಅಂದಳು. ಅವಳ ಅಂಗೈಯನ್ನು ಹೆಂಚಿಗೆ ಒತ್ತಿದೆ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಎಡಗೈ. ಬಲಗೈ ಧಾರೆಗೆ ಬೇಕು.

ಹೊನ್ನಕ್ಕ ಮಗಳ ಕೈಗೆ ಬೆಣ್ಣೆ ಹಚ್ಚುತ್ತ ನನ್ನನ್ನೇ ನೋಡುತ್ತಿದ್ದಳು.

೨೭ ಅಕ್ಟೋಬರ್

ಸಾರಿನಲ್ಲಿ ಉಪ್ಪು ಬಂತು!

ಬಡಿಸಿ, ಪಕ್ಕದಲ್ಲಿ ನಿಂತು, ಮೊದಲಿನ ಹಾಗೆಯೇ ಕೇಳಿದಳು — "ಉಪ್ಪು ಸಾಕೇನ್ರಿ?"

"ಸಾಲದು," ಅಂದೆ. ಒಂದು ಹಿಡಿ ತಂದು ತಾಟಿನ ಅಂಚಿಗೇ ಇಟ್ಟಳು. ದಂಡಂ ದಶಗುಣಂ ಅಂತ ಸುಮ್ಮನೆ ಹೇಳಿದ್ದಾರೆಯೇ?

೫ ನವೆಂಬರ್

ಇಂಥ ಊಟ ಮದುವೆಯಾದಾಗಿನಿಂದ ಕಂಡಿರಲಿಲ್ಲ. ದಿನಾ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ಸಂಜೆ ಪಾಳಿ ಮುಗಿಸಿ ಬಂದರೆ ಮಂಡಕ್ಕಿ, ಮಿರ್ಚಿ. ಕೇಳುವ ಮೊದಲೇ ಮುಂದಿರುತ್ತದೆ.

ಡಾಕ್ಟರು ಕೊಟ್ಟ ಬಿ.ಪಿ. ಮಾತ್ರೆ ತಿಂದರೆ ಮೈಯೆಲ್ಲ ಜೋಲುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ. ನನಗೆ ಅಳುವೇ! ಬಿಸಾಕು ಅಂದೆ. "ಆಗ್ಲಿರಿ," ಅಂದಳು, ಬಚ್ಚಲಿಗೆ ಸುರಿದಳು. ಹೇಳಿದ ಮಾತು ಹೇಳಿದ ಹಾಗೆ ಕೇಳುತ್ತಾಳೆ ಈಗ.

೧೯ ನವೆಂಬರ್

ಚಪ್ಪಲಿ ಕಾಲಿಗೆ ಹೋಗುತ್ತಿಲ್ಲ. ಬೆರಳಿಂದ ಒತ್ತಿದರೆ ಕಣಕದ ಹಿಟ್ಟಿನ ಹಾಗೆ ಗುಳಿ ನಿಲ್ಲುತ್ತದೆ. ವಿಪರೀತ ಬಾಯಾರಿಕೆ. ತಂಬಿಗೆ ಮೇಲೆ ತಂಬಿಗೆ.

"ಉಪ್ಪು ತಿಂದೋರು ನೀರು ಕುಡೀಲೇಬೇಕಲ್ರೀ," ಅಂದಳು ಹೊನ್ನಕ್ಕ, ಇನ್ನೊಂದು ತಂಬಿಗೆ ಕೊಡುತ್ತ. ನಗುತ್ತಿದ್ದಳೇ? ಗೊತ್ತಾಗಲಿಲ್ಲ.

೨೭ ನವೆಂಬರ್

ರಜೆ ಹಾಕಿದೆ. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿಯೇ ನಿದ್ದೆ. ಎದೆಯೊಳಗೆ ನೀರು ಗುಳುಗುಳು. ಡಾಕ್ಟರನ್ನು ಕರೆಸಲೇ ಅಂದರೆ, "ಊಟ ಆಗ್ಲಿ, ಆಮ್ಯಾಲ ನೋಡಾಣ," ಅಂದಳು. ಅವಳು ಹೇಳುವುದೂ ಸರಿ. ಲಗ್ನಕ್ಕೆ ಮೊದಲು ಎದ್ದು ಓಡಾಡಬೇಕು. ಉಜ್ಜನಪ್ಪನ ಎದುರು ಕುಂಟುತ್ತ ನಿಲ್ಲಲಾರೆ.

೩೦ ನವೆಂಬರ್, ಬೆಳಿಗ್ಗೆ

ಬೆಳಕು ಹರಿಯುವಾಗ ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗಾಯಿತು. ಈ ಸಲ ನಾಟಕವಲ್ಲ. ತಣ್ಣನೆ ಬೆವರು. ಚೀರಿದೆ. ಪಕ್ಕದ ಮನೆ ಮಸ್ತಾನಸಾಬ್ ಓಡಿಹೋಗಿ ಡಾಕ್ಟರನ್ನು ಕರೆತಂದ.

ಪಟ್ಟಿ ಸುತ್ತಿದರು. ಎಂಬತ್ತು.

ಇನ್ನೂರಿಪ್ಪತ್ತರಿಂದ ಎಂಬತ್ತು! "ನೋಡಿದ್ರಾ ಡಾಕ್ಟ್ರೇ? ಮಾತ್ರಿ ಇಲ್ಲ, ಪಥ್ಯ ಇಲ್ಲ, ಉಪ್ಪು ತಿಂದೇ ಇಳಿಸೀನಿ."

ಡಾಕ್ಟರು ನಗಲಿಲ್ಲ. "ಇಳಿದಿಲ್ಲ ಬೋರಣ್ಣ, ಕುಸಿದೈತೆ. ಪಂಪು ಸೋತೈತೆ. ಕೈಕಾಲಿಗೆ ರಕ್ತ ಮುಟ್ತಿಲ್ಲ, ಐಸ್ ಆಗ್ಯಾವೆ. ಇದಕ್ಕ ಶಾಕ್ ಅಂತಾರೆ."

ಕರೆಂಟೇ ಇಲ್ಲದ ಮನೆಯಲ್ಲಿ ಶಾಕ್ ಎಲ್ಲಿಂದ ಬರಬೇಕು? ಗಿರಣಿಯಲ್ಲಿ ಶಾಕ್ ಹೊಡೆದವರನ್ನು ನಾನು ಕಂಡಿಲ್ಲವೇ? ದುಡ್ಡಿಗೆ ಹೆದರಿಸುತ್ತಾರೆ ಇವರು.

ಒಂದು ಸೂಜಿ ಚುಚ್ಚಿದರು. ಹೋಗುವಾಗ ಹೊನ್ನಕ್ಕನಿಗೆ ಗದರಿದರು — "ಈಗಿಂದೀಗ ಜಟಕಾ ತರ್ಸಿ ದೊಡ್ಡಾಸ್ಪತ್ರಿಗೆ ಸೇರ್ಸಮ್ಮಾ. ತಡ ಮಾಡಿದ್ರೆ ಉಳ್ಯಲ್ಲ."

"ಆಗ್ಲಿರಿ," ಅಂದಳು. ಮಸ್ತಾನಸಾಬ್ ತಾನೇ ತರುತ್ತೇನೆಂದ. "ಬ್ಯಾಡಣ್ಣ, ಹೇಳಿ ಕಳ್ಸೀನಿ," ಅಂತ ಮನೆಗೆ ಕಳಿಸಿಬಿಟ್ಟಳು.

ಅದೇ ದಿನ, ಮಧ್ಯಾಹ್ನ

ಜಟಕಾ ಬಂದಿಲ್ಲ. ನಮ್ಮ ನಿಟ್ಟುವಳ್ಳಿಯಿಂದ ಜಟಕಾ ಸ್ಟ್ಯಾಂಡಿಗೆ ಹೋಗಿ ಬರಲು ಇಷ್ಟು ಹೊತ್ತೇ... ಅಕ್ಷರ ಸೊಟ್ಟ. ಉಗುರು ನೀಲಿ.

ನೀಲ ಎಲ್ಲಿ ಅಂದೆ. ನಂದಿಗುಡಿಗೆ, ಸೋದರಮಾವನ ಮನೆಗೆ. ಹೊನ್ನಕ್ಕನೇ ಬಸ್ಸು ಹತ್ತಿಸಿ ಬಂದಳಂತೆ. ಯಾರನ್ನು ಕೇಳಿ? ಲಗ್ನಕ್ಕೆ ಒಂದು ವಾರ ಇರುವಾಗ? ಬೈಯಲು ಉಸಿರಿಲ್ಲ.

ತಾಟು ತಂದು ಮುಂದಿಟ್ಟಳು. ಒಂದು ತುತ್ತು ತಿಂದೆ. ಸಪ್ಪೆ. ಸಾರೂ ಸಪ್ಪೆ. ಇವತ್ತು ಕೇಳಲೂ ಇಲ್ಲ. ನಾನೇ ಕೇಳಿದೆ — ಉಪ್ಪು?

"ನಿಮ್ಮ ಮನೆತನದಾಗ ಎಡಿಗೆ ಉಪ್ಪು ಹಾಕಲ್ಲಲ್ರೀ."

ಹೊರಗಿನಿಂದ ಚಿಲಕ ಹಾಕಿದಳು. ಹೊನ್ನಾ ಅಂದೆ. ಹೊನ್ನಾ... ದನಿ ಬರುತ್ತಿಲ್ಲ. ಹಿತ್ತಿಲಲ್ಲಿ ಹಂಡೆಗೆ ನೀರು ಸುರಿಯುವ ಸದ್ದು. ಒಲೆ ಹಚ್ಚಿದ ಹೊಗೆ. ಈ ಹೊತ್ತಿನಲ್ಲಿ ಸ್ನಾನ ಯಾರಿಗೆ —