ವೀಳ್ಯವಿಟ್ಟು ಕೊಟ್ಟ ಕಾರು

ಅಂಧೇರಿ,
೧೯೫೪, ಮೇ ೧೨

ಅಣ್ಣನಿಗೆ ವಿನೋದಿನಿಯ ನಮಸ್ಕಾರ.

ನಿನ್ನ ಮಗಳು ಶೀಲಾವತಿಯ ನಿಶ್ಚಿತಾರ್ಥಕ್ಕೆ ಮಂಗಳೂರಿನಿಂದ ಹಡಗಿನಲ್ಲಿ ಬರುವ ಬೀಗರನ್ನು ಧಕ್ಕೆಯಿಂದ ಕರೆತರಲು ನಮ್ಮ ಕಾರು ಕಳಿಸಬೇಕೆಂದು ಬರೆದಿದ್ದೀ. ನಮ್ಮ ಕಾರು! ಪರೇಲಿನ ಹೋಟೆಲಿನಲ್ಲಿ ನಿನ್ನ ಜೊತೆ ದುಡಿದ ಇವರು ತಮ್ಮ ಪಾಲು ಕೇಳಿದಾಗ, ಅದರ ಬದಲಿಗೆ ಯಾವನೋ ಇಂಗ್ಲಿಷ್ ದೊರೆ ಬಿಟ್ಟುಹೋದ ಹಳೇ ಕಾರಿಗೆ ಹೂ ಹಾಕಿ, ಎಲ್ಲರೆದುರು ವೀಳ್ಯವಿಟ್ಟು ನನ್ನ ಕೈಗೆ ಕೊಟ್ಟವನು ನೀನು.

ಅದರ ಎಂಜಿನ್ ಬಿಚ್ಚಿಸಿದ್ದೇ ಬಿಚ್ಚಿಸಿದ್ದು. ಸಾಮಾನು ವಿಲಾಯಿತಿಯಿಂದಲೇ ಬರಬೇಕಂತೆ. ಹೊಸ ಹೋಟೆಲು ತೆರೆಯಲೆಂದು ತಂದಿಟ್ಟ ರುಬ್ಬುವ ಕಲ್ಲು, ತಾಮ್ರದ ಹಂಡೆ ಎಲ್ಲವನ್ನೂ ಮಾರಿ ಗ್ಯಾರೇಜಿನವನಿಗೆ ಕೊಟ್ಟೆವು. ಕಾರನ್ನೇ ಮಾರಿಬಿಡಿ ಎಂದರೆ ಇವರು, "ತವರಿನವರು ವೀಳ್ಯವಿಟ್ಟು ಕೊಟ್ಟದ್ದನ್ನು ಮಾರಬಾರದು ಮಾರಾಯ್ತಿ" ಎನ್ನುತ್ತಾರೆ. ಹೀಗೇ ಎನ್ನುತ್ತಾರೆಂದು ನಿನಗೆ ಅವತ್ತೇ ಗೊತ್ತಿತ್ತು.

ಆಗಲಿ, ಕಾರು ಬರುತ್ತದೆ. ಎಂಜಿನ್ನಿಗೆ ಹೊಯ್ಯಲು ಒಂದು ಕೊಡ ನೀರು, ನಿಂತಲ್ಲಿ ತಳ್ಳಲು ಗಟ್ಟಿ ಆಳುಗಳಿಬ್ಬರನ್ನು ಧಕ್ಕೆಗೆ ಕಳಿಸು. ಬೀಗರ ರೇಷ್ಮೆ ಪಂಚೆಗೆ ಎಣ್ಣೆ ಸಿಡಿದರೆ ನನ್ನನ್ನು ಬೈಯಬೇಡ.

ಇನ್ನೊಂದು ಮಾತು. ವೀಳ್ಯ ಇಡಲು ನನಗೂ ಬರುತ್ತದೆ. ಬೀಗರೆಲ್ಲ ಚಾಪೆಯ ಮೇಲೆ ಕೂತಿರುವಾಗ, ತಂಗಿಯ ಉಡುಗೊರೆ ಎಂದು ಆ ಕಾರಿನ ಕೀಲಿಯನ್ನು ನಿನ್ನ ಕೈಗಿಡುತ್ತೇನೆ. ಬೇಡವೆನ್ನುವುದಾದರೆ, ಯಾಕೆ ಬೇಡ ಎಂದು ಅವರಿಗೆ ನೀನೇ ಹೇಳು.

ಅತ್ತಿಗೆಗೆ ಹೇಳಿ ಬೆಳ್ಳಿ ತಟ್ಟೆ ತೊಳೆಸಿಡು. ಎಲೆ ಅಡಿಕೆ ನಾನೇ ತರುತ್ತೇನೆ.

ನಿನ್ನ ತಂಗಿ,
ವಿನೋದಿನಿ